ಕತ್ತರಿಸಿ ಎಸೆದ ಹನ್ನೊಂದು ಸೆಕೆಂಡು

ಎಂಟು ಕಾರ್ಡುಗಳಿರಬೇಕಾದ ಡಬ್ಬಿಯಲ್ಲಿ ಏಳೇ ಇದ್ದವು. ಕತ್ತರಿ ಎರಡು ಸಲ ಎಣಿಸಿದಳು. ಮೂರನೆಯ ಸಲ ಎಣಿಸುವ ಧೈರ್ಯ ಬರಲಿಲ್ಲ.

ಆ ಟೀವಿ ಕಂಪನಿಯಲ್ಲಿ ಚಿತ್ರಗಳನ್ನು ಕತ್ತರಿಸಿ ಜೋಡಿಸುವುದು ಅವಳ ಕೆಲಸ, ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಕತ್ತರಿ. ನಾಲ್ಕು ವರ್ಷದಿಂದ ಬೇಟೆಯ ಕಾರ್ಯಕ್ರಮ ಅವಳ ಕೈಯಲ್ಲೇ ಹಾದು ಜನರ ಮನೆ ಸೇರುತ್ತಿತ್ತು. "ಅಮ್ಮಾ, ಜಿಂಕೆಗಳೆಲ್ಲ ಒಂದೇ ಏಟಿಗೆ ಹೇಗೆ ಸಾಯ್ತಾವೆ?" ಎಂದು ಮಗಳು ಕೇಳಿದಾಗ, "ಉಳಿದಿದ್ದನ್ನ ನಾನು ತೆಗೆದುಬಿಡ್ತೀನಲ್ಲ" ಎಂದು ನಿಜವನ್ನೇ ಹೇಳಿ, ರೊಟ್ಟಿ ಡಬ್ಬಿ ಮುಚ್ಚಿ ಶಾಲೆಗೆ ಅಟ್ಟಿದ್ದಳು.

ಚಿತ್ರ ತುಂಬಿಕೊಂಡು ಬರುವ ಆ ಕ್ಯಾಮೆರಾ ಕಾರ್ಡುಗಳು ಹೆಬ್ಬೆರಳ ಉಗುರಿನಷ್ಟು ಗಾತ್ರದವು, ಎಲ್ಲವೂ ಕಪ್ಪು. ಮೇಲೆ ಅಂಕಿಯಿಲ್ಲ, ಅಕ್ಷರವಿಲ್ಲ, ಬರೀ ಕ್ಯಾಮೆರಾದವನು ಅಂಟಿಸಿದ ಒಂದೊಂದು ಬಣ್ಣದ ಚುಕ್ಕಿ. ಯಾವ ಬಣ್ಣ ಯಾವ ದಿನದ್ದು, ಯಾವ ಕ್ಯಾಮೆರಾದ್ದು ಎಂಬ ಚೀಟಿ ಅವಳ ಕೈಚೀಲದಲ್ಲಿತ್ತು. ಊಟಕ್ಕೆ ಹೋದಾಗಲೂ ಚೀಲ ಹೆಗಲ ಮೇಲೇ ಇತ್ತು. ಮಾಯವಾದದ್ದು ನೇರಳೆ ಚುಕ್ಕಿಯದು. ಕೊನೆಯ ದಿನ, ಎರಡನೆಯ ಕ್ಯಾಮೆರಾ. ಅದನ್ನು ಅವಳಿನ್ನೂ ನಕಲು ಮಾಡಿಕೊಂಡಿರಲಿಲ್ಲ.

ಡಬ್ಬಿ ಇಡುವ ಬೀರುವಿನ ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತದೆಂಬುದು ಕಚೇರಿಯ ಬೆಕ್ಕಿಗೂ ಗೊತ್ತಿತ್ತು. ಆದರೆ ಅವಳು ಊಟ ಮುಗಿಸಿ ಬಂದಾಗ ಕೋಣೆಯಲ್ಲಿ ಒಬ್ಬಂಟಿಯಾಗಿ ಕೂತಿದ್ದವನು ಜಾಡುಗಾರ. ಹೆಜ್ಜೆ ಗುರುತು ನೋಡಿ ಪ್ರಾಣಿ ಹುಡುಕಿಕೊಡುವ ಆ ಹಿರಿಯ, ಹಿಂದಿನ ದಿನವಷ್ಟೇ ಎಲ್ಲರೆದುರು, "ಕೊನೇ ದಿನ ಗುಂಡು ತಗುಲಿದ ಆ ಜಿಂಕೆ ನರಳಿದ್ದನ್ನ ಜನಕ್ಕೆ ತೋರಿಸಬೇಡಿ" ಎಂದು ಜಗಳ ತೆಗೆದಿದ್ದ.

ನಿರ್ಮಾಪಕನಿಗೆ ಅಷ್ಟು ಸಾಕಾಗಿತ್ತು. ಪಡಸಾಲೆಯಲ್ಲಿ ಎಲ್ಲರೆದುರೇ ಅವನನ್ನು ಕಳ್ಳ ಎಂದ.

"ಐದು ಗಂಟೆ ತನಕ ಟೈಮು. ಕಾರ್ಡು ಬರಲಿಲ್ಲ ಅಂದ್ರೆ ಅರಣ್ಯ ಕಚೇರಿಗೆ ದೂರು ಹೋಗುತ್ತೆ. ಕಳ್ಳತನದ ದೂರು ಹೋದ್ಮೇಲೆ ನಿನ್ನ ಪರವಾನಗಿ ಗತಿ ಏನು ಅಂತ ನಿನಗೇ ಗೊತ್ತು."

ಪರವಾನಗಿ ಹೋದರೆ ಜಾಡುಗಾರ ಕಾಡಿಗೆ ಕಾಲಿಡುವ ಹಾಗಿರಲಿಲ್ಲ. ಅವನಿಗೆ ಬೇರೆ ಕೆಲಸವೂ ಬರುತ್ತಿರಲಿಲ್ಲ. ಆದರೂ ಅವನು ಅಲ್ಲ ಎನ್ನದೆ ಪಡಸಾಲೆಯ ಬೆಂಚಿನ ಮೇಲೆ ಹೋಗಿ ಕೂತ. ಬಾಗಿಲಲ್ಲಿ ಸುಳಿದಾಡುತ್ತಿದ್ದ ಅವನ ಅಳಿಯ, ಕಾರ್ಯಕ್ರಮದ ಕ್ಯಾಮೆರಾದವನು, ಕೊನೆಗೆ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟ. ಮಾವ ಅದನ್ನು ಮುಟ್ಟಲಿಲ್ಲ.

ಕತ್ತರಿ ನೆಟ್ಟಗೆ ಮೆಟ್ಟಿಲಿಳಿದು ಸದ್ದಕ್ಕನ ಕೋಣೆಗೆ ಹೋದಳು.

ಸದ್ದಕ್ಕ ನೆಲಮಾಳಿಗೆಯವಳು. ಒಣ ಎಲೆಯ ಚೀಲ, ಜಲ್ಲಿಯ ತೊಟ್ಟಿ, ಹಳೇ ಚರ್ಮದ ಕೈಗವಸುಗಳ ನಡುವೆ ಕೂತು ಟೀವಿಯ ಸದ್ದುಗಳನ್ನೆಲ್ಲ ಹುಟ್ಟಿಸುತ್ತಿದ್ದಳು. ನಾಲ್ಕು ವರ್ಷದಲ್ಲಿ ಪರದೆಯ ಮೇಲೆ ಬಿದ್ದ ಜಿಂಕೆಗಳೆಲ್ಲ, ಸದ್ದಿನ ಮಟ್ಟಿಗೆ, ಅವಳು ಮರಳಿನ ಮೇಲೆ ಬೀಳಿಸಿದ ಒಂದೇ ಒದ್ದೆ ಗೋಣಿಚೀಲ. ಕಟ್ಟಡದಲ್ಲಿ ಏನೇ ಕಳೆದರೂ, ಯಾರೇ ಸುಳ್ಳು ಹೇಳಿದರೂ, ಜನ ಬರುವುದು ಅವಳ ಬಳಿಗೇ.

"ಕದ್ದಿರೋದು ಒಂದೇನಾ?" ಎಂದಳು ಎಲ್ಲ ಕೇಳಿಸಿಕೊಂಡು.

"ಒಂದೇ ಅಕ್ಕ."

"ಜಿಂಕೆ ನರಳಿದ್ದು ಯಾವುದರಲ್ಲಿದೆ?"

"ಮೊದಲನೇ ಕ್ಯಾಮೆರಾದಲ್ಲಿ. ಹಸಿರು ಚುಕ್ಕಿ. ಅದು ಡಬ್ಬೀಲೇ ಇದೆ. ಹೋಗಿರೋದು ಮೂಕಿ."

ಮೂಕಿ ಎಂದರೆ ಬೇಟೆಗೆ ಅಡಗಿ ಕೂರುವ ಮರೆಯ ಹಿಂದೆ ಮರಕ್ಕೆ ಕಟ್ಟುತ್ತಿದ್ದ ಪುಟ್ಟ ಎರಡನೆಯ ಕ್ಯಾಮೆರಾ. ಇಡೀ ನೋಟವನ್ನು ದೂರದಿಂದ ಹಿಡಿಯುತ್ತಿತ್ತು. ಅದರ ಸದ್ದನ್ನು ಯಾರೂ ಎಂದೂ ಬಳಸಿರಲಿಲ್ಲ, ಅದಕ್ಕೇ ಆ ಅಡ್ಡಹೆಸರು.

"ಸರಿ, ಹಸಿರು ಚುಕ್ಕಿ ಹಾಕು. ನೀನು ಕತ್ತರಿಸೋಕೆ ಮುಂಚೆ ಇದ್ದ ಹಾಗೇ ತೋರಿಸ್ಬೇಕು."

ಪರದೆಯ ಮೇಲೆ ಹುಲ್ಲುಗಾವಲು ಮೂಡಿತು. ಗಂಡು ಜಿಂಕೆಯೊಂದು ಪಕ್ಕೆ ತೋರಿಸಿ, ಅಲುಗಾಡದೆ ನಿಂತಿತ್ತು. ಅಷ್ಟರಲ್ಲಿ ಚಿತ್ರ ಮಂಜುಮಂಜಾಯಿತು. ಒಂದು, ಎರಡು, ಮೂರು... ಹನ್ನೊಂದು ಸೆಕೆಂಡಾದ ಮೇಲೆ ಮತ್ತೆ ತಿಳಿಯಾಯಿತು. ಆ ಹೊತ್ತಿಗೆ ಜಿಂಕೆ ಬೆನ್ನು ತಿರುಗಿಸಿ ಹೊರಟಿತ್ತು. ಆಗ ಗುಂಡು ಹಾರಿತು. ತೊಡೆಗೆ ಬಿತ್ತು. ಕತ್ತರಿ ಮುಖ ತಿರುಗಿಸಿಕೊಂಡಳು.

"ಮಂಜಾಗಿರೋದನ್ನ ಏನು ಮಾಡ್ತೀಯ?"

"ಕತ್ತರಿಸಿ ಎಸೀತೀನಿ. ಪ್ರತೀ ಕಂತಲ್ಲೂ ಒಂದಿಷ್ಟು ಇರುತ್ತೆ ಅಕ್ಕ, ಕಸ."

"ಬೇಟೆಗಾರರ ಕಾಲರಿನ ಮೈಕು ಜೋರು ಮಾಡು. ಆ ಕಸವನ್ನೇ ಕೇಳೋಣ."

ಮೊದಲು ಉಸಿರು. ಆಮೇಲೆ ಪಿಸುಮಾತು: "ಆಯ್ತಾ?" ಸ್ವಲ್ಪ ಬಿಟ್ಟು ಮತ್ತೆ, "ಆಯ್ತಾ?" ಉತ್ತರ ಕೇಳಿಸಲಿಲ್ಲ. ಮೊದಲನೇ ಕ್ಯಾಮೆರಾಗೆ ಸೇರುತ್ತಿದ್ದ ಸದ್ದು ಕಾಲರಿನ ಮೈಕಿನದೊಂದೇ, ಅದು ಹಾಕಿಕೊಂಡವನ ಬಾಯಿಗಿಂತ ದೂರದ್ದನ್ನು ಹಿಡಿಯುತ್ತಿರಲಿಲ್ಲ.

ಸದ್ದಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ಮೇಲೆ ಹೋಗಿ ಬೆಂಚಿನ ಮೇಲಿದ್ದ ಜಾಡುಗಾರನ ಪಕ್ಕ ಕೂತಳು.

"ಅಣ್ಣಾ, ನೀವು ಕತ್ತರಿ ಕೋಣೆಗೆ ಬರೋವಾಗ ಯಾರಾದ್ರೂ ಹೊರಗೆ ಬರೋದನ್ನ ನೋಡಿದ್ರಾ?"

"ನಾನು ನೆಲ ನೋಡಿಕೊಂಡು ನಡೆಯೋನಮ್ಮ. ಮುಖ ನೋಡೋದು ನನ್ನ ಕೆಲಸ ಅಲ್ಲ."

"ಪರವಾನಗಿ ಹೋಗುತ್ತಲ್ಲ?"

"ಹೋಗ್ಲಿ. ಅದಕ್ಕಿಂತ ದೊಡ್ಡದು ಹೋಗದೆ ಇದ್ರೆ ಸಾಕು."

ಆ ಮಾತು ಹಿಂದೆಯೇ ಬಂದಿದ್ದ ಕತ್ತರಿಗೆ ಅರ್ಥವಾಗಲಿಲ್ಲ. ಸದ್ದಕ್ಕ ಮಾತ್ರ ತಲೆಯಾಡಿಸಿ, "ಎಲ್ಲರನ್ನೂ ಕೆಳಗೆ ಕರಿ" ಎಂದಳು.

ನಾಲ್ಕೂವರೆಗೆ ಎಲ್ಲರೂ ನೆಲಮಾಳಿಗೆಯಲ್ಲಿದ್ದರು. ನಿರ್ಮಾಪಕ ದೂರಿನ ಪತ್ರ ಹಿಡಿದು ನಿಂತಿದ್ದ. ಬೇಟೆಗಾರ, ಪರದೆಯ ಮೇಲೆ ಹುಲಿಯಂತೆ ಕಾಣುವ ಮನುಷ್ಯ, ಎಲೆಯ ಚೀಲದ ಮೇಲೆ ಕುಸಿದು ಕೂತಿದ್ದ. ಗುರಿ ತಪ್ಪಿದ ದಿನದಿಂದ ಅವನು ಯಾರೊಡನೆಯೂ ಹೆಚ್ಚು ಮಾತಾಡಿರಲಿಲ್ಲ. ಮಾವ, ಅಳಿಯ ಗೋಡೆಗೊಬ್ಬರಂತೆ ನಿಂತಿದ್ದರು.

"ಸಾರ್, ಅಣ್ಣ ಕದ್ದಿದ್ರೆ ಯಾವುದನ್ನ ಕದೀಬೇಕಿತ್ತು?" ಸದ್ದಕ್ಕ ನಿರ್ಮಾಪಕನನ್ನು ಕೇಳಿದಳು. "ಜಿಂಕೆ ನರಳೋದು ಹಸಿರು ಚುಕ್ಕೀಲಿ. ಅದನ್ನ ಮುಟ್ಟಿಲ್ಲ. ಗುರಿ ತಪ್ಪಿದ ಅವಮಾನ ಮುಚ್ಚಿಡೋಕೆ ಬೇಟೆಗಾರರೇ ಕದ್ದರು ಅನ್ನೋಣ ಅಂದ್ರೆ, ಆ ಅವಮಾನ ಇರೋದೂ ಹಸಿರಲ್ಲೇ. ಹಾಗಾದ್ರೆ ಕದ್ದೋರಿಗೆ ಚಿತ್ರದ ಚಿಂತೆ ಇರಲಿಲ್ಲ."

"ಮೂಕೀಲಿ ಚಿತ್ರ ಬಿಟ್ರೆ ಇನ್ನೇನಮ್ಮ ಇದೆ? ಅದಕ್ಕೆ ಸದ್ದೇ ಇಲ್ವಲ್ಲ."

"ಇದೆ ಸಾರ್. ನಾವು ಬಳಸಲ್ಲ ಅಷ್ಟೆ. ನೀವೂ ಇಲ್ಲ ಅಂದ್ಕೊಂಡಿದ್ರಿ, ಅಣ್ಣನೂ ಹಾಗೇ ಅಂದ್ಕೊಂಡಿರ್ತಾರೆ. ಅದಕ್ಕೆ ಕಿವಿ ಇದೆ ಅಂತ ಗೊತ್ತಿರೋದು ಅದನ್ನ ಬಿಚ್ಚಿ ಕಟ್ಟೋರಿಗೆ. ಇನ್ನೊಂದು ಮಾತು. ಡಬ್ಬೀಲಿ ಎಂಟೂ ಒಂದೇ ಥರದವು. ಬಣ್ಣದ ಚೀಟಿ ಇದ್ದದ್ದು ಕತ್ತರಿ ಹೆಗಲ ಮೇಲೆ. ಎಂಟರಲ್ಲಿ ಬೇಕಾದ ಒಂದನ್ನೇ ಎತ್ತಿಕೊಂಡು ಹೋಗೋಕೆ ಚುಕ್ಕಿ ಅಂಟಿಸಿದ ಕೈಯೇ ಆಗ್ಬೇಕು. ಕತ್ತರಿ ಕದೀಬೇಕಿರಲಿಲ್ಲ, ಬೇಡ ಅನ್ನಿಸಿದ್ದನ್ನ ಕತ್ತರಿಸಿದ್ರೆ ಅವಳ ಕೆಲಸ ಮುಗೀತು."

ಯಾರೂ ಅಳಿಯನ ಕಡೆ ನೋಡಲಿಲ್ಲ. ನೋಡದಿರುವುದೇ ಎದ್ದು ಕಾಣುತ್ತಿತ್ತು.

"ಈಗ ಆ ಕಿವಿ ಏನು ಕೇಳಿಸಿಕೊಂಡಿತ್ತು ಅನ್ನೋದು" ಎಂದು ಸದ್ದಕ್ಕ ಬೇಟೆಗಾರನತ್ತ ತಿರುಗಿದಳು. "ಮೂವತ್ತು ವರ್ಷ ಬಂದೂಕು ಹಿಡಿದೋರು ನೀವು. ಪಕ್ಕೆ ತೋರಿಸಿ ನಿಂತ ಜಿಂಕೇನ ಬಿಟ್ಟು, ಬೆನ್ನು ತಿರುಗಿಸಿದ ಮೇಲೆ ಯಾಕೆ ಹೊಡೆದ್ರಿ?"

ಬೇಟೆಗಾರ ಎಲೆಯ ಚೀಲದ ಗಂಟನ್ನು ತಿರುವತೊಡಗಿದ.

"ನಾನೇ ಹೇಳ್ತೀನಿ. ಟೀವಿ ಬೇಟೇಲಿ ಗುಂಡು ಹಾರೋದು ಜಿಂಕೆ ಸಿಕ್ಕಾಗ ಅಲ್ಲ, ಚಿತ್ರ ಸಿಕ್ಕಾಗ. ಕ್ಯಾಮೆರಾದವನು 'ಸಿಕ್ತು' ಅನ್ನೋ ತನಕ ಬೆರಳು ಒತ್ತೋ ಹಾಗಿಲ್ಲ. ಅವತ್ತು ಚಿತ್ರ ಮಂಜಾಯ್ತು. ನೀವು ಎರಡು ಸಲ 'ಆಯ್ತಾ' ಅಂದ್ರಿ. ಅವನು 'ತಡೀರಿ' ಅಂದ. ಆ ತಡೀರಿ ಇರೋದು ಮೂಕೀಲಿ ಮಾತ್ರ. ಸಿಕ್ತು ಅಂದಾಗ ಜಿಂಕೆ ಹೊರಟುಬಿಟ್ಟಿತ್ತು."

ಅಳಿಯ ಜೇಬಿನಿಂದ ಏನನ್ನೋ ತೆಗೆದು ಮೇಜಿನ ಮೇಲಿಟ್ಟ. ನೇರಳೆ ಚುಕ್ಕಿ.

"ಮಾವ ಹಳ್ಳದ ಆ ಕಡೆ ಇದ್ರು, ಅವರಿಗೆ ಕೇಳಿಸಿರಲಿಲ್ಲ" ಎಂದ. "ಆರು ಗಂಟೆ ರಕ್ತದ ಜಾಡು ಹಿಡಿದು ಹುಡುಕಿ, ಅದರ ನೋವು ಮುಗಿಸಿ ಬಂದ್ರು. ಬಂದು, 'ಇದಕ್ಕೆ ಕಾರಣ ಆದೋನು ಕಾಡಿಗೆ ಬರೋಕೆ ಲಾಯಕ್ಕಲ್ಲ' ಅಂದ್ರು. ನಾನೇ ಅಂತ ಹೇಳೋಕೆ ಬಾಯಿ ಬರಲಿಲ್ಲ. ಇವತ್ತು ಸಾರ್ ನಿಮ್ಮ ಹೆಸರು ಹೇಳಿದಾಗ್ಲೂ... ಆಗಲಿಲ್ಲ ಮಾವ. ನಾಲ್ಕು ಸಲ ಪಡಸಾಲೆ ಬಾಗಿಲ ತನಕ ಹೋಗಿ ವಾಪಸ್ ಬಂದೆ."

"ಮೂರು" ಎಂದ ಜಾಡುಗಾರ. "ನಾಲ್ಕನೇ ಸಲ ನೀನು ನೀರಿನ ನೆಪ ಮಾಡ್ಕೊಂಡು ಒಳಗೇ ಬಂದೆ."

ಅವನು ಎಲ್ಲವನ್ನೂ ನೋಡಿದ್ದ. ಅಳಿಯ ಕೋಣೆಯಿಂದ ಹೊರಬಿದ್ದದ್ದನ್ನೂ, ಮುಷ್ಟಿ ಬಿಗಿಹಿಡಿದದ್ದನ್ನೂ. ಹೇಳಿದ್ದರೆ ಮಗಳ ಮನೆಯ ನೆಮ್ಮದಿ ಹೋಗುತ್ತಿತ್ತು. ಪರವಾನಗಿಗಿಂತ ದೊಡ್ಡದು ಯಾವುದೆಂದು ಕತ್ತರಿಗೆ ಈಗ ತಿಳಿಯಿತು.

"ಬೆರಳು ನನ್ನದು" ಎಂದ ಬೇಟೆಗಾರ. "ಬೆನ್ನು ತಿರುಗಿಸಿದ ಜಿಂಕೆಗೆ ಹೊಡೀಬಾರದು ಅಂತ ನನಗೆ ಗೊತ್ತಿತ್ತು. ಕ್ಯಾಮೆರಾ ಓಡ್ತಾ ಇದೆಯಲ್ಲ ಅಂತ ಒತ್ತಿಬಿಟ್ಟೆ. ತಪ್ಪನ್ನ ಈ ಹುಡುಗನ ಮೇಲೆ ಹಾಕೋಕೆ ಮನಸ್ಸು ಬರಲಿಲ್ಲ. ಕತ್ತರಿ, ಆ ಹನ್ನೊಂದು ಸೆಕೆಂಡು ಈ ಸಲ ಹಾಗೇ ಇರ್ಲಿ ತಾಯಿ."

ನಿರ್ಮಾಪಕ ಪತ್ರವನ್ನು ಮಡಿಸಿ ಜೇಬಿಗೆ ಸೇರಿಸಲು ಹೋದ.

"ಸಾರ್" ಎಂದ ಜಾಡುಗಾರ. "ಕಳ್ಳ ಅಂದಿದ್ದು ಮೇಲೆ, ಪಡಸಾಲೇಲಿ. ಡ್ರೈವರುಗಳು, ಗುಡಿಸೋರು ಎಲ್ಲಾ ಇದ್ರು. ಅಲ್ಲ ಅನ್ನೋದನ್ನೂ ಅಲ್ಲೇ ಹೇಳಿ."

ಎಲ್ಲರೂ ಮೇಲೆ ಹೋದರು. ನಿರ್ಮಾಪಕ ಮೊದಲು ಗೊಣಗಿದ, ಆಮೇಲೆ ಗಂಟಲು ಸರಿಮಾಡಿಕೊಂಡು ಜಾಡುಗಾರ ಕಳ್ಳನಲ್ಲ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ, ಪತ್ರ ಹರಿದ. ಹಾಗೆ ನೋಡಿದರೆ ಅವನೇನೂ ಕೆಟ್ಟವನಲ್ಲ, ಆತುರಗಾರ.

ಅಳಿಯ ಕಂಬಕ್ಕೊರಗಿ ತಲೆ ತಗ್ಗಿಸಿದ್ದ. ಮಾವ ಎದುರಿಗೆ ಹೋಗಿ ನಿಂತ.

"ಮನೇಲಿ ನನ್ನ ಮಗಳಿಗೆ ನೀನೇ ಹೇಳ್ಬೇಕು. ಪೂರ್ತಿ."

"ಹೇಳ್ತೀನಿ ಮಾವ."

"ಸೋಮವಾರ ಬೆಳಗ್ಗೆ ಹೊರಡೋದು. ಕ್ಯಾಮೆರಾ ನೀನೇ ತರ್ತೀಯ. ಆದ್ರೆ ಇನ್ಮೇಲೆ ನಿನ್ನ ಬಾಯಲ್ಲಿ 'ತಡೀರಿ' ಬಂತು ಅಂದ್ರೆ ಬಂದೂಕು ಕೆಳಗಿಳೀಬೇಕು. ಅವತ್ತಿನ ಬೇಟೆ ಅಲ್ಲಿಗೆ ಮುಗೀತು."

ಬೇಟೆಗಾರ ಹೂಂ ಎಂದು ತಲೆಯಾಡಿಸಿದ. ನಿರ್ಮಾಪಕನ ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ ವಾರಗಟ್ಟಲೆ ಬರಿಗೈಲಿ ಬರ್ತೀರಿ. ನಾನು ಏನು ತೋರಿಸ್ಲಿ?"

"ಬರಿಗೈಲಿ ಬರೋದನ್ನೇ ತೋರಿಸಿ ಸಾರ್" ಎಂದ ಜಾಡುಗಾರ. "ಬೇಟೇಲಿ ಹೆಚ್ಚಿನ ದಿನ ಅದೇ."