ಒಣ ನೆಲದ ಬೋರ್ಡು

ನಾನು ವೃದ್ಧಾಶ್ರಮದ ನರ್ಸು, ದೆವ್ವಗಿವ್ವ ನಂಬುವವಳಲ್ಲ. ಆದರೆ ‘ನೆಲ ಒದ್ದೆಯಿದೆ, ಜೋಕೆ’ ಎಂದು ಬರೆದ ನಮ್ಮ ಹಳದಿ ಬೋರ್ಡು ಹಾಡುಹಗಲೇ ತಾನಾಗಿ ಜಾಗ ಬದಲಿಸುತ್ತಿತ್ತು. ಒಣ ನೆಲದ ಮೇಲೆ ನಿಂತಿರುತ್ತಿತ್ತು. ಮುಟ್ಟಿದರೆ ಮಂಜುಗಡ್ಡೆಯಷ್ಟು ತಣ್ಣಗೆ. ಹತ್ತೇ ನಿಮಿಷದಲ್ಲಿ ಸರಿಯಾಗಿ ಅಲ್ಲೇ ಯಾರದೋ ಕೈಯಿಂದ ಹಾಲು ಚೆಲ್ಲುವುದು, ಇಲ್ಲವೇ ಸೂರಿನಿಂದ ನೀರು ತೊಟ್ಟಿಕ್ಕುವುದು.

“ಸಿಸ್ಟರ್, ನಮ್ಗಿಂತ ಇದೇ ವಾಸಿ. ಇದಕ್ಕೂ ಒಂದು ಡ್ಯೂಟಿ ಹಾಕ್ಬಿಡಿ!” ಎಂದು ಆಯಾ ನಕ್ಕಳು. ನಾನೂ ನಕ್ಕೆ. ಆ ವರ್ಷ ನಮ್ಮ ಅಜ್ಜ-ಅಜ್ಜಿಯರಲ್ಲಿ ಒಬ್ಬರೂ ಜಾರಿ ಬೀಳಲಿಲ್ಲ.

ನಿನ್ನೆ ಬೋರ್ಡು ಕಾಣೆಯಾಯಿತು. ಮೂಲೆ ಮೂಲೆ ಜಾಲಾಡಿದೆವು.

“ರಜಾ ಹಾಕಿರ್ಬೇಕು ಬಿಡಿ,” ಎಂದಳು ಆಯಾ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ, ಅದು ನಮ್ಮ ಮನೆಯ ಬಚ್ಚಲ ಬಾಗಿಲಲ್ಲಿ ನಿಂತಿದೆ. ಸ್ನಾನಕ್ಕೆ ಹೊರಟ ಅತ್ತೆಯ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದೇನೆ. ನೆಲ ಇನ್ನೂ ಒಣಗಿಯೇ ಇದೆ.