ಆ ಮೌನ ನನ್ನದು

"ಊಟ ಆಯ್ತಾ?"

ಆ ಮಾತು ಅವಳ ಬಾಯಿಂದ ಬರಬೇಕಿತ್ತು. ಬಂದದ್ದು ಪರದೆಯ ಮರೆಯಿಂದ, ಯಾವನೋ ಗಂಡಸಿನ ಗಂಟಲಿನಿಂದ.

ಅವಳು ಕೈಯಲ್ಲಿದ್ದ ಖಾಲಿ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಏಳು ವರ್ಷದ ಮೇಲೆ ಮನೆ ಬಾಗಿಲಿಗೆ ಬಂದು ನಿಂತಿದ್ದ ನಾಟಕದ ಗಂಡ, ಅಂದರೆ ಮೂಲೆ ಅಂಗಡಿಯ ಬೇಕರಿಯವನು, ಚೀಲ ಹಿಡಿದುಕೊಂಡೇ ಹಿಂದೆ ಸರಿದ. ಅವನನ್ನು ದಾಟಿಕೊಂಡು ಅವಳು ನೇರ ಪರದೆಯ ಹಿಂದಕ್ಕೆ ನುಗ್ಗಿದಳು.

ಅಲ್ಲಿ ಸ್ಟೂಲಿನ ಮೇಲೆ ಹೊಸಬನೊಬ್ಬ ಕೂತಿದ್ದ. ಗ್ರೀಸ್ ಕಲೆಯ ನೀಲಿ ಅಂಗಿ, ತೊಡೆಯ ಮೇಲೆ ನಾಟಕದ ಪ್ರತಿ, ಸಾಲಿನ ಕೆಳಗೆ ಬೆರಳು.

"ಯಾರು ನೀನು?"

"ಪ್ರಾಂಪ್ಟರ್... ಇವತ್ತಿಂದ. ಮೊದಲಿದ್ದೋರಿಗೆ ಕಣ್ಣಿನ ಆಪರೇಷನ್ ಅಂತೆ."

"ನಾನು ಮಾತು ಮರೆತೆ ಅಂತ ನಿನಗೆ ಹೇಳಿದ್ಯಾರು?"

"ನೀವು ಸುಮ್ಮನೆ ನಿಂತುಬಿಟ್ರಿ..."

"ನಿಂತುಬಿಡಲಿಲ್ಲ. ಬೇಕು ಅಂತಲೇ ಸುಮ್ಮನಿದ್ದೆ. ಏಳು ವರ್ಷದ ಹಿಂದೆ ಹೇಳದೆ ಕೇಳದೆ ಹೋದ ಗಂಡ ಬಾಗಿಲಲ್ಲಿ ನಿಂತಿದ್ದಾನೆ. ಟಕ್ ಅಂತ ಊಟ ಆಯ್ತಾ ಅಂತ ಕೇಳೋಕೆ ನಾನೇನು ಹೋಟೆಲ್ ನಡೆಸ್ತೀನಾ?"

ಅವನು ಪ್ರತಿಯ ಮೇಲೆ ಬಗ್ಗಿ, ಆ ಸಾಲಿನ ಹಿಂದೆ ಮುಂದೆ ಬೆರಳಾಡಿಸಿ, ಬಹಳ ಪ್ರಾಮಾಣಿಕವಾಗಿ ಹುಡುಕಿದ.

"ಇದರಲ್ಲಿ ಹಾಗೇನೂ ಬರೆದಿಲ್ಲ..."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಷ್ಟರಲ್ಲಿ ಹಾಲ್‌ನ ಮಧ್ಯದ ಕುರ್ಚಿಯಿಂದ ನಿರ್ದೇಶಕರ ಧ್ವನಿ ಬಂತು.

"ಒಂದು."

ಅವಳು ತಿರುಗಿ ವೇದಿಕೆಗೆ ಹೋಗಿ ಪಾತ್ರೆ ಎತ್ತಿಕೊಂಡಳು.

ನಿರ್ದೇಶಕರು ಹಲ್ಲಿನ ಡಾಕ್ಟರು. ತಂಡದಲ್ಲಿ ಯಾರನ್ನೂ ಅವರು ಹೆಸರು ಹಿಡಿದು ಕರೆದವರಲ್ಲ. ಬೇಕರಿ, ಇಸ್ತ್ರಿ, ಲಿಫ್ಟ್, ಹೀಗೆ ಕಸುಬಿನಿಂದಲೇ ಕರೆಯುತ್ತಿದ್ದರು. ನಟರು ಮೆಲ್ಲಗೆ ಮಾತಾಡಿದರೆ "ಬಾಯಿ ಇನ್ನೂ ಅಗಲ" ಅನ್ನುತ್ತಿದ್ದರು. ಪ್ರದರ್ಶನ ಹತ್ತಿರ ಬಂದಾಗ ಅವರದೊಂದು ಕಟ್ಟುನಿಟ್ಟು ಇತ್ತು. ಪ್ರಾಂಪ್ಟರ್ ಯಾರಿಗೇ ಆಗಲಿ ಮೂರು ಸಲ ಮಾತು ಎತ್ತಿಕೊಟ್ಟರೆ ಅವರ ಪಾತ್ರ ಹೋಯಿತು. "ಮೂರು ಸಲ ನೋವು ಕೊಟ್ಟ ಹಲ್ಲನ್ನ ನಾನು ಉಳಿಸೋನಲ್ಲ" ಎಂದು ನಗುತ್ತಲೇ ಹೇಳುತ್ತಿದ್ದರು. ಕಿತ್ತ ಜಾಗಕ್ಕೆ ಕೂರಿಸಲು ಅವರ ನಾದಿನಿ ಮುಂದಿನ ಸಾಲಿನಲ್ಲಿ ಸಿದ್ಧವಾಗಿಯೇ ಕೂತಿರುತ್ತಿದ್ದಳು.

ಇಸ್ತ್ರಿ ಅಂದರೆ ಇವಳು. ಹಗಲೆಲ್ಲ ದೊಡ್ಡ ಲಾಂಡ್ರಿಯೊಂದರಲ್ಲಿ ಹಬೆಯ ಯಂತ್ರದ ಮುಂದೆ ನಿಂತು ಹಾಸಿಗೆ ಬಟ್ಟೆಗಳ ಸುಕ್ಕು ತೆಗೆಯುವ ಕೆಲಸ. ಎರಡು ನಾಟಕದಲ್ಲಿ ಪಕ್ಕದ ಮನೆಯವಳಾಗಿ ಬಂದು ಹೋದಮೇಲೆ, ಈ ಸಲ ಮೊದಲನೇ ಸಲ ನಾಯಕಿಯ ಪಾತ್ರ ಸಿಕ್ಕಿತ್ತು.

ಮೊದಲಿನಿಂದಲೂ ಅವಳ ಮಾತು ನಿಧಾನ. ಒಂದು ಪದ ಹೇಳಿ, ಮುಂದಿನದನ್ನು ತೂಗಿ ನೋಡಿ ಹೇಳುವವಳು. ಅಷ್ಟು ಕಾಯುವ ವ್ಯವಧಾನ ಯಾರಿಗಿತ್ತು? ಮನೆಯಲ್ಲಿ ಅವಳ ಮಾತನ್ನು ಅಣ್ಣ ಮುಗಿಸುತ್ತಿದ್ದ, ಕೆಲಸದಲ್ಲಿ ಸೂಪರ್‌ವೈಸರ್ ಮುಗಿಸುತ್ತಿದ್ದಳು. ಅವಳು ಹೇಳಬೇಕೆಂದಿದ್ದು ಒಂದಾದರೆ ಅವರು ಮುಗಿಸುತ್ತಿದ್ದುದು ಇನ್ನೊಂದು.

ಈ ನಾಟಕದ ಬಾಗಿಲ ದೃಶ್ಯದಲ್ಲಿ ಮಾತ್ರ ಅವಳು ಸುಮ್ಮನಿದ್ದರೆ ಎಲ್ಲರೂ ಕಾಯಬೇಕಿತ್ತು. ಆ ಮೌನವನ್ನು ಅವಳು ಯಂತ್ರದ ಹಬೆಯ ನಡುವೆ ನಿಂತು ಕಟ್ಟಿಕೊಂಡಿದ್ದಳು. ಅದಕ್ಕೂ ಒಬ್ಬ ಬಾಯಿ ಹಾಕಿದನಲ್ಲ...

ಎರಡನೇ ತಾಲೀಮಿನಲ್ಲಿ ಅವನು ಕಾದ. ಕುತ್ತಿಗೆಯ ನರ ಉಬ್ಬುವ ತನಕ ಕಾದು, ಕೊನೆಗೆ ಹೇಳಿಯೇಬಿಟ್ಟ.

"ಎರಡು" ಎಂದರು ಡಾಕ್ಟರು.

ಮೂರನೆಯ ಸಲ ಅವಳು ಬಾಗಿಲಲ್ಲಿ ನಿಂತು, ಮನಸ್ಸಿನೊಳಗೇ ಅವನನ್ನು ಬೇಡಿಕೊಂಡಳು. ಬೇಡ ಕಣೋ. ಇನ್ನೊಂದು ಉಸಿರು ತಡಿ... ಪರದೆಯ ಹಿಂದೆ ಸ್ಟೂಲು ಕಿರುಗುಟ್ಟಿತು. "ಊಟ..." ಎಂದಿತು ಆ ದರಿದ್ರ ಧ್ವನಿ.

ಡಾಕ್ಟರು ಮೂರು ಅಂತ ಹೇಳಲೂ ಇಲ್ಲ. ನಾದಿನಿಯ ಕಡೆ ನೋಡಿದರು, ಅಷ್ಟೇ.

"ಬೇಜಾರು ಮಾಡ್ಕೋಬೇಡ ಇಸ್ತ್ರಿ. ಪೋಷಾಕಿನ ಕೆಲಸ ನೀನು ನೋಡ್ಕೋ. ನಿನಗೆ ಅದು ಚೆನ್ನಾಗಿ ಬರುತ್ತೆ."

ಮೆಟ್ಟಿಲ ಮೇಲೆ ಪ್ರಾಂಪ್ಟರ್ ಅವಳ ಹಿಂದೆ ಓಡಿಬಂದ.

"ಒಂದು ನಿಮಿಷ, ನನ್ನ ಮಾತು ಕೇಳಿ..."

"ನಿನ್ನ ಮಾತು ಕೇಳೀ ಕೇಳೀ ನನ್ನ ಪಾತ್ರ ಹೋಯ್ತು. ಡಾಕ್ಟ್ರು ಏನು ಕೊಡ್ತೀನಿ ಅಂದಿದ್ರು? ನಾದಿನಿಗೆ ದಾರಿ ಮಾಡಿಕೊಟ್ಟರೆ ಹಲ್ಲು ಫ್ರೀಯಾಗಿ ಕ್ಲೀನ್ ಮಾಡ್ತೀನಿ ಅಂದ್ರಾ?"

"ದೇವರಾಣೆ ಹಾಗಲ್ಲ. ನಾನು ಲಿಫ್ಟ್ ರಿಪೇರಿ ಮಾಡೋನು. ನಮ್ಮ ಕೆಲಸದಲ್ಲಿ ಸದ್ದು ನಿಂತಿತು ಅಂದ್ರೆ ಒಳಗೆ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆ ಅಂತ. ಓಡಬೇಕು, ಬಾಗಿಲು ತೆಗೀಬೇಕು. ನೀವು ಸುಮ್ಮನಾದ ಕೂಡ್ಲೇ ನನ್ನ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ. ಬಾಯಿ ನನ್ನ ಕೈಲಿರಲ್ಲ."

"ನಾನು ಸಿಕ್ಕಿಹಾಕಿಕೊಂಡಿರಲಿಲ್ಲ." ಅವಳು ಮೆಟ್ಟಿಲ ಮೇಲೆ ನಿಂತು ತಿರುಗಿದಳು. "ಮನೇಲಿ ನನ್ನ ಮಾತು ಅಣ್ಣ ಮುಗಿಸ್ತಾನೆ. ಕೆಲಸದಲ್ಲಿ ಸೂಪರ್‌ವೈಸರ್ ಮುಗಿಸ್ತಾಳೆ. ಇಲ್ಲಿ ಒಂದು ಸುಮ್ಮನಿರೋದಾದ್ರೂ ನನ್ನದು ಅಂತಿತ್ತು. ಅದನ್ನ ನೀನು ತಿಂದೆ."

ಅವಳು ಇಳಿದು ಹೋದಳು.

ಮನೆಯಲ್ಲಿ ಚಪ್ಪಲಿ ಬಿಡುತ್ತಾ "ಅಣ್ಣ, ನನ್ನ ಪಾತ್ರ..." ಅಂದಳು.

"ಕಿತ್ಕೊಂಡ್ರು ತಾನೆ? ನಾನು ಹೇಳಿರಲಿಲ್ವಾ?" ಎಂದ ಅಣ್ಣ, ಟಿವಿಯಿಂದ ಕಣ್ಣು ತೆಗೆಯದೆ.

"ಸುಮ್ಮನಿರಿ, ಅವಳು ಹೇಳಲಿ" ಎಂದರು ಅತ್ತಿಗೆ. ಆದರೆ ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಕೊನೆಯ ತಾಲೀಮು ಪೂರ್ತಿ ಪೋಷಾಕಿನಲ್ಲಿ ನಡೆಯಿತು. ವೇದಿಕೆಯ ಹಿಂದಿನ ಸಣ್ಣ ಕೋಣೆಯಲ್ಲಿ ಅವಳು ಬೇಕರಿಯವನ ಕೋಟಿಗೆ ಇಸ್ತ್ರಿ ಉಜ್ಜುತ್ತಿದ್ದಳು. ಎಷ್ಟು ಸಿಟ್ಟಿನಿಂದ ಉಜ್ಜಿದಳೆಂದರೆ ಕೋಟಿನ ಅಂಚು ಬ್ಲೇಡಿನ ಹಾಗೆ ನಿಂತಿತು. ಮನೆಯಲ್ಲಿ ಕೂರಬಹುದಿತ್ತು. ಆದರೆ ಹೆದರಿ ಓಡಿದಳು ಅನ್ನಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ವೇದಿಕೆಯ ಮೇಲೆ ನಾದಿನಿ ಮೊದಲ ಮಾತಿಗೇ ತಡವರಿಸಿದಳು. ಪ್ರಾಂಪ್ಟರ್ ಮಾತು ಎತ್ತಿಕೊಟ್ಟ. ಎತ್ತಿಕೊಟ್ಟು, ಹಾಲ್ ಪೂರ್ತಿ ಕೇಳುವ ಹಾಗೆ ಹೇಳಿದ:

"ಒಂದು."

ಇವಳ ಕೈಯ ಇಸ್ತ್ರಿಪೆಟ್ಟಿಗೆ ನಿಂತಿತು.

"ಏಯ್ ಲಿಫ್ಟ್, ಅದೇನದು?" ಡಾಕ್ಟರು ಕೂಗಿದರು.

"ಲೆಕ್ಕ ಸಾರ್. ನಿಮ್ಮದೇ."

ನಾಟಕ ಮುಂದುವರಿಯಿತು. ಮತ್ತೆ ತಡವರಿಕೆ. "ಎರಡು." ಬೇಕರಿಯವನು ಗಡ್ಡದ ಮರೆಯಲ್ಲಿ ನಗು ನುಂಗಿದ. ಮತ್ತೊಂದು ಸಾಲಿಗೆ "ಮೂರು." ಅಲ್ಲಿಗೂ ನಿಲ್ಲಿಸಲಿಲ್ಲ. "ನಾಲ್ಕು... ಐದು..."

"ನನ್ನ ತಂಡದಲ್ಲಿ ನನಗೇ ಪಾಠ ಹೇಳ್ತೀಯಾ?" ಡಾಕ್ಟರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಇವಳು ಬಂದು ಎರಡು ದಿನ ಆಗಿಲ್ಲ. ಸ್ವಲ್ಪ ಸಮಯ ಬೇಡ್ವಾ?"

"ಬೇಕು ಸಾರ್. ಇಸ್ತ್ರಿಯವರಿಗೂ ಬೇಕಿತ್ತು. ಅವರು ಒಂದು ಮಾತೂ ಮರೆತಿರಲಿಲ್ಲ. ಆ ಮೂರೂ ನನ್ನ ತಪ್ಪು, ನಿಮಗೆ ನಿನ್ನೆನೇ ಬಂದು ಹೇಳಿದೆ. ಕಟ್ಟುನಿಟ್ಟು ಅಂದ್ರೆ ಕಟ್ಟುನಿಟ್ಟು ಅಂದ್ರಿ. ಹಾಗಾದ್ರೆ ಎಲ್ಲರಿಗೂ ಇರಲಿ." ಅವನು ನಾಟಕದ ಪ್ರತಿಯನ್ನು ಸ್ಟೂಲಿನ ಮೇಲೆ ಬಡಿದಿಟ್ಟ. "ಇಲ್ಲಾಂದ್ರೆ ನಾಳೆ ನೀವೇ ಇಲ್ಲಿ ಕೂತು ಎತ್ತಿಕೊಡಿ. ನನಗೆ ಆಗಲ್ಲ."

ಮೊದಲು ಮಾತಾಡಿದವಳು ನಾದಿನಿ.

"ಭಾವ, ನನಗೂ ಸಾಕಾಗಿದೆ. ಅಕ್ಕ ಹೇಳಿದ್ಲು ಅಂತ ಬಂದೆ. ರಾತ್ರಿ ಕನಸಲ್ಲೂ ಈ ಬಾಗಿಲೇ ಕಾಣುತ್ತೆ. ನಾನು ಪಕ್ಕದ ಮನೆಯವಳಾಗ್ತೀನಿ, ಅವಳಿಗೆ ಮಾತು ಕಮ್ಮಿ."

ಡಾಕ್ಟರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಕೋಣೆಯ ಬಾಗಿಲಿಗೆ ಬಂದು, ಇಸ್ತ್ರಿಪೆಟ್ಟಿಗೆಯನ್ನೇ ನೋಡುತ್ತಾ ಹೇಳಿದರು:

"ನಾಳೆ... ಪಾತ್ರ ನೀನೇ ಮಾಡು."

ಅವಳು ಯೋಚಿಸಿದಳು. ಡಾಕ್ಟರು ತುಟಿ ಅಲ್ಲಾಡಿಸಿದರು. ಅವಳ ಬದಲು ತಾವೇ 'ಸರಿ' ಅನ್ನುವವರಿದ್ದರೇನೋ. ಅವಳ ಕಣ್ಣು ನೋಡಿ ಕಾದರು.

"ಮಾಡ್ತೀನಿ. ಬಾಗಿಲ ದೃಶ್ಯದಲ್ಲಿ ಪ್ರಾಂಪ್ಟರ್ ಬಾಯಿ ಬಿಡಬಾರದು. ನಾನು ಬಿದ್ದರೆ ಬೀಳ್ತೀನಿ."

ಅವನು ಪರದೆಯ ಪಕ್ಕ ನಿಂತು ಕೇಳಿಸಿಕೊಂಡ. ಅವಳು ಅವನ ಮುಂದೆ ಹಾದುಹೋಗುವಾಗ ನಿಂತಳು.

"ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ."

"ಇರಲಿ" ಎಂದ ಅವನು. "ನನಗೂ ನನ್ನ ಮೇಲೆ ಇದೆ."

ಮಾರನೆಯ ಸಂಜೆ ಹಾಲ್ ತುಂಬಿತ್ತು. ಮೂರನೇ ಸಾಲಿನಲ್ಲಿ ಅಣ್ಣ, ಅತ್ತಿಗೆ.

ಬಾಗಿಲ ದೃಶ್ಯ ಬಂತು. ಬೇಕರಿಯವನು ಚೀಲ ಹಿಡಿದು ನಿಂತ. ಅವಳು ಬಾಗಿಲು ತೆರೆದಳು. ನೋಡಿದಳು. ಸುಮ್ಮನಾದಳು.

ಮೌನ ಅವಳು ಕಟ್ಟಿಕೊಂಡಿದ್ದ ಹಾಗೆಯೇ ಹರಡಿತು. ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು. ಇನ್ನು ಮಾತು ಆಡಬೇಕು ಅನ್ನುವಷ್ಟರಲ್ಲಿ, ಮೂರನೇ ಸಾಲಿನಲ್ಲಿ ಅಣ್ಣನ ಮುಖ ಕಂಡಿತು. ಅವನ ತುಟಿ ಅಲ್ಲಾಡುತ್ತಿತ್ತು.

ಅಷ್ಟೇ. ತಲೆ ಖಾಲಿಯಾಯಿತು.

ಮಾತು ಎಲ್ಲಿ? ಏನದು? ನಿಜವಾಗಿಯೂ ಮರೆತುಹೋಗಿತ್ತು. ಈಗ ನಿಜಕ್ಕೂ ಸಿಕ್ಕಿಹಾಕಿಕೊಂಡೆ...

ಅವಳು ಪರದೆಯ ಕಡೆ ನೋಡಿದಳು.

ಅವನು ಸ್ಟೂಲಿನಿಂದ ಎದ್ದು ನಿಂತಿದ್ದ. ಕೈ ಒರೆಸುವ ಬಟ್ಟೆಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದ. ಕೆನ್ನೆ ಉಬ್ಬಿ, ಕಣ್ಣಲ್ಲಿ ನೀರು ತುಂಬಿತ್ತು. ಪ್ರತಿ ಕೆಳಗೆ ಬಿದ್ದಿತ್ತು. ಅವನು ಅವಳನ್ನೇ ನೋಡುತ್ತಾ ಕಾಯುತ್ತಿದ್ದ.

ಇವಳು ಹೇಳುತ್ತಾಳೆ ಎಂದು ಇಷ್ಟು ಕಷ್ಟಪಟ್ಟು ಅವಳಿಗಾಗಿ ಯಾರೂ ಕಾದಿರಲಿಲ್ಲ.

ಎದೆಯಲ್ಲಿ ದಿನಗಟ್ಟಲೆ ಕುದಿಯುತ್ತಿದ್ದದ್ದು ಮೆಲ್ಲಗೆ ಇಳಿಯಿತು. ತುಟಿಯ ತುದಿಯಲ್ಲಿ ಒಂದು ನಗು, ಅದರ ಹಿಂದೆಯೇ ಅಳು, ಅದರ ಹಿಂದೆ ಮಾತು.

"ಊಟ ಆಯ್ತಾ?"

ಹಾಲ್‌ನಲ್ಲಿ ಯಾರೋ ಬಿಕ್ಕಿದರು. ಆಮೇಲೆ ನೋಡಿದರೆ ಅತ್ತಿಗೆಯ ಕಣ್ಣು ಮಾತ್ರವಲ್ಲ, ಅಣ್ಣನ ಕಣ್ಣೂ ಕೆಂಪಾಗಿತ್ತು. "ನೀನು ಅಲ್ಲಿ..." ಎಂದು ಶುರುಮಾಡಿದ ಅಣ್ಣನಿಗೇ ಮಾತು ಮುಗಿಸಲು ಆಗಲಿಲ್ಲ.

ಜನ ಹೋದರು. ಡಾಕ್ಟರು "ಬಾಯಿ ಇನ್ನೂ ಸ್ವಲ್ಪ ಅಗಲ ಆಗಬಹುದಿತ್ತು" ಎಂದು ಹೇಳಿ, ಅವಳ ತಲೆಯ ಮೇಲೆ ಕೈಯಿಟ್ಟು ಹೋದರು. ವೇದಿಕೆಯ ಮೇಲೆ ಆ ಸುಳ್ಳು ಬಾಗಿಲು ಇನ್ನೂ ನಿಂತಿತ್ತು. ಅದನ್ನು ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ಅವನು ಆಚೆ ಬದಿಗೆ ಬಂದ. ಇವಳು ಈಚೆ ಇದ್ದಳು.

"ಅವಾಗ ನಿಜವಾಗಿ ಮರೆತಿದ್ದೆ" ಎಂದಳು.

"ಗೊತ್ತಾಯ್ತು."

"ಮತ್ತೆ ಯಾಕೆ ಎತ್ತಿಕೊಡಲಿಲ್ಲ?"

"ಬೀಳ್ತೀನಿ ಅಂದಿದ್ರಿ. ಬಿದ್ರೆ ಹಿಡ್ಕೊಳ್ಳೋಣ ಅಂತ ಎದ್ದು ನಿಂತಿದ್ದೆ." ಅವನು ಸ್ಕ್ರೂಡ್ರೈವರ್ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಇನ್ನೊಂದು ವಿಷಯ. ಮೊದಲನೇ ದಿನ ಬಿಟ್ಟರೆ ಆ ದೃಶ್ಯದಲ್ಲಿ ನಾನು ಪ್ರತಿ ನೋಡ್ತಾನೇ ಇರಲಿಲ್ಲ. ನಿಮ್ಮನ್ನೇ ನೋಡ್ತಿದ್ದೆ. ಅದಕ್ಕೇ ಅಷ್ಟು ಹೆದರಿಕೆ. ನಾನು... ನಿಮ್ಮನ್ನ..."

ಅವನು ನಿಂತುಬಿಟ್ಟ.

ಮುಂದಿನ ಮಾತು ಏನೆಂದು ಅವಳಿಗೆ ಗೊತ್ತಿತ್ತು. ನಾಲಿಗೆಯ ತುದಿಗೇ ಬಂದಿತ್ತು, ಎತ್ತಿಕೊಡುವುದು ಸುಲಭವಿತ್ತು. ಅವಳು ತುಟಿ ಬಿಗಿಹಿಡಿದು ಕಾದಳು. ಕಾಯುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು.

"...ಇಷ್ಟಪಟ್ಟಿದ್ದೀನಿ" ಎಂದ ಅವನು ಕೊನೆಗೆ, ಬಾಗಿಲ ಕೀಲಿಗೆ ಹೇಳುವ ಹಾಗೆ.

ಅವಳು ಸುಮ್ಮನಿದ್ದಳು. ಅವನು ಕದಲಲಿಲ್ಲ, ಒಂದು ಅಕ್ಷರವನ್ನೂ ಆಡಲಿಲ್ಲ. ಹೊರಗೆ ಯಾರೋ ಸೈಕಲ್ ಗಂಟೆ ಹೊಡೆದುಕೊಂಡು ಹೋದರು.

ಅವಳು ಬಾಗಿಲನ್ನು ಪೂರ್ತಿ ತೆರೆದಳು.

"ಊಟ ಆಯ್ತಾ?"

"ಇಲ್ಲ."

"ನನ್ನದೂ ಇಲ್ಲ. ಬಾ."