ಗಾಳಿಯನ್ನು ದೂರುವಂತಿಲ್ಲ

"ಅಯ್ಯೋ... ನನ್ನ ಸಾಲ್ಚಾ!"

ಫಿದಾನ್ ಕಿರುಚಿದ ಸದ್ದಿಗೆ ಪಕ್ಕದ ತಾರಸಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಎರಡು ದಿನ ಕೂತು ಕೆಂಪು ಮೆಣಸಿನಕಾಯಿ ರುಬ್ಬಿ, ಉಪ್ಪು ಬೆರೆಸಿ ಬಿಸಿಲಿಗಿಟ್ಟಿದ್ದಳು. ಚಳಿಗಾಲವಿಡೀ ಮನೆಯ ಅಡುಗೆಗೆ ಅದೇ ಆಗಬೇಕು. ಈಗ ಆ ಅಗಲ ತಟ್ಟೆಯ ನಟ್ಟನಡುವೆ ನಾಲ್ಕು ರೆಕ್ಕೆಯ ಡ್ರೋನೊಂದು ತಲೆಕೆಳಗಾಗಿ ಬಿದ್ದಿತ್ತು. ಬಿದ್ದದ್ದು ಸುಮ್ಮನಿರಬಾರದೇ? ಗುರ್ರೆಂದು ತಿರುಗುತ್ತಾ ಸಾಲ್ಚಾವನ್ನು ಅವಳ ಮುಖಕ್ಕೆ, ಕೂದಲಿಗೆ, ಬಿಳಿ ಅಂಗಿಗೆಲ್ಲ ಎರಚುತ್ತಿತ್ತು!

ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತಾ ಒಬ್ಬ ಮೆಟ್ಟಿಲು ಹತ್ತಿ ಬಂದ. ಎತ್ತರದ ಆಳು. ಹಣೆಯ ಮೇಲೆ ಏರಿಸಿದ ದಪ್ಪ ಕನ್ನಡಕ, ಕೊರಳಲ್ಲಿ ನೇತಾಡುವ ರಿಮೋಟ್.

"ಕ್ಷಮಿಸಿ ಮೇಡಂ... ಗಾಳಿ... ಇದ್ದಕ್ಕಿದ್ದಂಗೆ ಗಾಳಿ ಬೀಸಿಬಿಡ್ತು..."

ಫಿದಾನ್ ಕೈಯಲ್ಲಿದ್ದ ಮರದ ಸೌಟಿನಿಂದ ಹಗ್ಗದ ಮೇಲಿನ ಬಟ್ಟೆಗಳನ್ನು ತೋರಿಸಿದಳು. ಒಂದು ಕಾಲುಚೀಲವೂ ಅಲುಗಾಡುತ್ತಿರಲಿಲ್ಲ.

"ಎಲ್ರೀ ಗಾಳಿ? ನಿಮ್ಮ ತಲೆಯೊಳಗೆ ಬೀಸಿತಾ?"

ಅವನು ಕಾಲುಚೀಲಗಳನ್ನು ನೋಡಿದ. ಅವಳ ಮೂಗಿನ ತುದಿಯ ಸಾಲ್ಚಾ ನೋಡಿದ. ತಲೆ ತಗ್ಗಿಸಿದ.

"ಇಲ್ಲ. ಗಾಳಿ ಇರಲಿಲ್ಲ. ಎರಡು ಚಿಮಣಿ ಮಧ್ಯೆ ನುಗ್ಗಿಸೋಣ ಅಂತ ಜಂಬ ಮಾಡಿದೆ, ತಗಲ್ತು. ಬಿದ್ದ ತಕ್ಷಣ ಮೋಟಾರು ಆರಿಸಬೇಕಿತ್ತು. ಗಾಬರೀಲಿ ಮೇಲೆತ್ತೋಕೆ ಹೋಗಿ ಇನ್ನೂ ಕೆಡಿಸಿದೆ. ತಪ್ಪು ನಂದೇ."

ಬಯ್ಯಲೆಂದು ಎತ್ತಿದ್ದ ಸೌಟನ್ನು ಫಿದಾನ್ ಕೆಳಗಿಳಿಸಿದಳು.

'ತಪ್ಪು ನಂದೇ...' ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮೂರು ವರ್ಷದ ಹಿಂದೆ ನಿಶ್ಚಿತಾರ್ಥ ಮುರಿದು ಉಂಗುರ ವಾಪಸ್ ಕೇಳಿದವರು ಕೂಡ 'ಹಣೆಬರಹ ಕೂಡಿಬರಲಿಲ್ಲಮ್ಮ' ಎಂದು ಚಹಾ ಕುಡಿದು ಎದ್ದು ಹೋಗಿದ್ದರು. ಅಂದಿನಿಂದ ಅವಳಿಗೆ ನೆಪ ಹೇಳುವವರನ್ನು ಕಂಡರೆ ಮೈ ಉರಿಯುತ್ತಿತ್ತು.

ಮಾರನೆಯ ದಿನ ಅವನು ಒಂದು ಚೀಲ ಮೆಣಸಿನಕಾಯಿ ಹೊತ್ತು ಬಂದ. ಹೆಸರು ದೋರುಕ್, ಬಟ್ಟೆ ಒಗೆಯುವ ಯಂತ್ರಗಳ ರಿಪೇರಿ ಕೆಲಸ. ಫಿದಾನ್‌ಳ ಅಜ್ಜಿಯ ಮುಂದೆ ಕೂತು ಬೀಜ ಬಿಡಿಸಿದ, ಕಣ್ಣುಜ್ಜಿಕೊಂಡ, ಅತ್ತ.

"ಹುಡುಗ ಒಳ್ಳೆಯವನು ಕಣೇ, ಸ್ವಲ್ಪ ಪೆದ್ದ ಅಷ್ಟೆ!" ಎಂದಳು ಅಜ್ಜಿ, ಅವನಿಗೆ ಕೇಳಿಸುವ ಹಾಗೆ.

ಎಸ್ಕಿಶೆಹಿರ್ ಪಟ್ಟಣದ ಡ್ರೋನ್ ಹುಚ್ಚರೆಲ್ಲ ಭಾನುವಾರ ಊರಾಚೆಯ ಗೋಧಿ ಹೊಲದ ಬದಿ ಸೇರುತ್ತಿದ್ದರು. ಮುರಿದ ರೆಕ್ಕೆಯೊಂದು ತಾರಸಿಯಲ್ಲಿ ಸಿಕ್ಕಿತೆಂಬ ನೆಪದಲ್ಲಿ ಫಿದಾನ್ ಅಲ್ಲಿಗೆ ಹೋದಳು. ಅಂಚೆಯಲ್ಲೂ ಕಳಿಸಬಹುದಿತ್ತು, ಇರಲಿ!

ಅಲ್ಲಿನ ಹಿರಿಯ ಹಿಕ್ಮೆತ್ ಅಣ್ಣ. ವಿಮಾನದ ಮೆಕ್ಯಾನಿಕ್ ಆಗಿ ನಿವೃತ್ತನಾದವನು.

"ನೋಡಮ್ಮ, ಇಲ್ಲಿ ಒಂದೇ ಕಟ್ಟುಪಾಡು," ಎಂದ ಅವನು ಚಹಾ ಬಗ್ಗಿಸುತ್ತಾ. "ಬೀಳಿಸಿದವರು ಎಲ್ಲರಿಗೂ ಖೀಮಾ ತುಂಬಿ ಕರಿದ ಬಿಸಿ ಚಿಬೊರೆಕ್ ತರಬೇಕು. ಅದನ್ನ ನಾವು ಮುಕ್ಕುವಾಗ ಎದ್ದು ನಿಂತು ಹೇಳಬೇಕು. ಹಾರಿಸಿದ್ದು ಯಾರು, ಬಿದ್ದದ್ದು ಯಾಕೆ, ಕಲಿತದ್ದು ಏನು. ಗಾಳಿಯನ್ನು ಮಾತ್ರ ದೂರುವಂತಿಲ್ಲ!"

ಫಿದಾನ್ ಮೊದಲು ಮನಸೋತದ್ದು ಈ ಕಟ್ಟುಪಾಡಿಗೆ. ದೋರುಕ್‌ಗೆ ಮನಸೋತದ್ದು ಆಮೇಲೆ... ಬಹಳ ಆಮೇಲೆ ಏನಲ್ಲ.

ಆ ಚಳಿಗಾಲ ಅವಳ ಹೊಲಿಗೆ ಯಂತ್ರದ ಪಕ್ಕದಲ್ಲೇ ಬೆಸುಗೆಯ ಸಾಮಾನು ಬಂತು. ಊರಿನ ಮದುವಣಗಿತ್ತಿಯರ ಬಟ್ಟೆ ಹೊಲಿಯುವ ಕೈಗಳು ಕೂದಲೆಳೆಯಷ್ಟು ಸಣ್ಣ ತಂತಿಗಳನ್ನು ಜೋಡಿಸಿದವು. ಅವಳದೇ ಕೆಂಪು ಡ್ರೋನ್ ತಯಾರಾಯಿತು. ಹೆಸರು 'ಮೆಣಸಿನಕಾಯಿ'.

ಮೊದಲ ಭಾನುವಾರವೇ ಅದು ಮುಳ್ಳುಕಂಟಿಗೆ ಹೋಗಿ ಬಿತ್ತು. ಚಿಬೊರೆಕ್ ಪೊಟ್ಟಣ ಹಿಡಿದು ಎದ್ದು ನಿಂತ ಫಿದಾನ್‌ಳ ಕಿವಿ ಕೆಂಪಾಗಿತ್ತು.

"ಹಾರಿಸಿದ್ದು ಫಿದಾನ್. ಬಲಕ್ಕೆ ಅಂತ ಎಡಕ್ಕೆ ತಿರುಗಿಸಿದೆ. ಡ್ರೋನ್ ನನ್ನ ಕಡೆ ಮುಖ ಮಾಡಿದಾಗ ಎಡಬಲ ಅದಲುಬದಲಾಗುತ್ತೆ ಅಂತ ಕಲಿತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ದೋರುಕ್ ಚಹಾ ಲೋಟದೊಳಗೆ ಗೊಣಗಿದ.

"ನೀನು ನನ್ನ ಕಡೆ ಮುಖ ಮಾಡಿದಾಗ ನಂಗೂ ಹಂಗೇ ಆಗುತ್ತೆ."

"ಏನಂದೆ?"

"ಏನಿಲ್ಲ. ಚಹಾ ಬಿಸಿ ಇದೆ ಅಂದೆ."

ಫಿದಾನ್‌ಗೆ ಕೇಳಿಸಿತ್ತು. ಆ ವಾರವಿಡೀ ಅವಳು ಅಂಗಿಗಳ ಎಡತೋಳನ್ನು ಬಲಕ್ಕೆ ಹೊಲಿದು ಬಿಚ್ಚಿದಳು.

ಮತ್ತೆ ಮೆಣಸಿನಕಾಯಿ ಕಾಲ ಬಂತು. ಹೊಲದಲ್ಲಿ ಗೋಧಿ ಕೊಯ್ದು ಬರೀ ಕೂಳೆ ಉಳಿದಿತ್ತು. ಮೋಟಾರೊಂದು ಸದ್ದು ಮಾಡುತ್ತಿದೆಯೆಂದು ಫಿದಾನ್ ತನ್ನ ಡ್ರೋನನ್ನು ದೋರುಕ್ ಬಳಿ ಬಿಟ್ಟಿದ್ದಳು. ಬುಧವಾರ ಅವನ ರಿಪೇರಿ ಅಂಗಡಿಗೆ ಹೋದಾಗ ಮೇಜಿನ ಮೇಲೆ ಕಂಡದ್ದೇನು? ಮೆಣಸಿನಕಾಯಿಯ ಒಂದು ತೋಳು ಮುರಿದು ಜೋತುಬಿದ್ದಿತ್ತು.

"ದೋರುಕ್... ಏನಾಯ್ತು ಇದಕ್ಕೆ?"

ಅವನ ಮುಖ ಸುಣ್ಣ ಬಳಿದಂತಾಯಿತು.

"ನಿನ್ನೆ ಸಂಜೆ ಹಾರಿಸಿ ನೋಡಿದೆ... ಗಾಳಿ... ಗಾಳಿ ಜೋರಾಗಿತ್ತು ಫಿದಾನ್..."

ನಿನ್ನೆ ಸಂಜೆ ಅವಳು ತಾರಸಿಯಲ್ಲೇ ಇದ್ದಳು. ಎಲೆಯೂ ಅಲುಗಾಡಿರಲಿಲ್ಲ.

ಡ್ರೋನನ್ನು ಎತ್ತಿಕೊಂಡು ಮನೆಗೆ ಬಂದಳು. ಕಣ್ಣು ಮಂಜಾಗಿದ್ದರೂ ಕೈ ಸುಮ್ಮನಿರಲಿಲ್ಲ. ಹಿಂದಿನ ಮೋಟಾರು ಬಿಚ್ಚಿದಳು. ಒಳಗೆ ಬಿಗಿಯಾಗಿ ಸುತ್ತಿಕೊಂಡಿತ್ತು... ಕೆಂಪು ರಿಬ್ಬನ್ನಿನ ಚೂರು!

ಈ ರಿಬ್ಬನ್ ಅವಳಿಗೆ ಗೊತ್ತಿಲ್ಲದ್ದೇ? ನಿಶ್ಚಿತಾರ್ಥದ ಎರಡು ಉಂಗುರಗಳನ್ನು ಜೋಡಿಸಿ ಕಟ್ಟುವ, ಹಿರಿಯರು ಕತ್ತರಿಸಿ ಹರಸುವ ರಿಬ್ಬನ್. ಅವಳೇ ಎಷ್ಟೋ ಜೋಡಿಗಳಿಗೆ ಸುರುಳಿಯಿಂದ ಅಳೆದು ಕೊಟ್ಟಿದ್ದಳು.

ದೋರುಕ್‌ಗೆ ಅವನ ಪೆರಿಹಾನ್ ಅತ್ತೆ ಹೆಣ್ಣು ಹುಡುಕುತ್ತಿದ್ದಾಳೆಂದು ಬೀದಿಗೆಲ್ಲ ಗೊತ್ತಿತ್ತು.

'ಹಾಗಾದರೆ ಹೆಣ್ಣು ನಿಶ್ಚಯವಾಗಿದೆ... ಯಾರದೋ ಕೈಗೆ ಉಂಗುರ ಕಳಿಸಲು ನನ್ನ ಡ್ರೋನೇ ಬೇಕಿತ್ತಾ? ಅದನ್ನಾದರೂ ನೇರ ಹೇಳಬಾರದಿತ್ತಾ ದೋರುಕ್? ಗಾಳಿಯಂತೆ... ನೀನೂ ಅವರ ಹಾಗೇನಾ?'

ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನ ಕರೆಗೆ ಫೋನು ಹದಿನೇಳು ಸಲ ಬಡಿದುಕೊಂಡಿತು. ಎತ್ತಲಿಲ್ಲ.

ಭಾನುವಾರ ಹಿಕ್ಮೆತ್ ಅಣ್ಣನ ಫೋನು ಬಂತು.

"ಬಾ ಮಗಳೇ. ನಿನ್ನ ಡ್ರೋನ್ ಬೀಳಿಸಿದವನು ಎದ್ದು ನಿಂತು ಹೇಳ್ತಾನಂತೆ. ಒಡತಿ ಇಲ್ಲದೆ ಹೆಂಗೆ ಕೇಳೋದು?"

"ನಂಗೆ ಕೇಳೋದು ಬೇಡ ಅಣ್ಣ."

"ಕೇಳಿದ ಮೇಲೆ ಬೇಡ ಅನ್ನು. ಚಿಬೊರೆಕ್ ಆರ್ತಾ ಇದೆ, ಬಾ."

ಅಣ್ಣನ ಮಾತು ತೆಗೆದುಹಾಕಲಾಗದೆ ಹೋದಳು. ಎಲ್ಲರಿಂದ ದೂರ ಕೂತಳು. ದೋರುಕ್ ಎದ್ದು ನಿಂತ. ಗಡ್ಡ ಬೋಳಿಸಿರಲಿಲ್ಲ, ಎರಡೂ ಮೊಣಕಾಲಿನ ಬಟ್ಟೆ ಹರಿದಿತ್ತು.

"ಹಾರಿಸಿದ್ದು ದೋರುಕ್. ಡ್ರೋನ್ ನಂದಲ್ಲ, ಫಿದಾನ್‌ದು. ಗಾಳಿ ಇರಲಿಲ್ಲ."

ಫಿದಾನ್ ನೆಲ ನೋಡುತ್ತಿದ್ದಳು.

"ಡ್ರೋನಿನ ಕೆಳಗೆ ಕೆಂಪು ರಿಬ್ಬನ್ ಕಟ್ಟಿದ್ದೆ. ಅದರಲ್ಲಿ ಎರಡು ಉಂಗುರ ಇತ್ತು. ಅವಳು ಸಾಲ್ಚಾ ಒಣಗಿಸೋ ದಿನ... ಅವಳ ತಾರಸೀಲೇ... ಈ ಸಲ ತಟ್ಟೆಗೆ ಬೀಳಿಸದೆ ಮೆಲ್ಲಗೆ ಇಳಿಸಬೇಕು ಅಂತ ಇಲ್ಲಿ ಅಭ್ಯಾಸ ಮಾಡ್ತಿದ್ದೆ."

ಅವಳ ತಲೆ ಮೇಲೆದ್ದಿತು. ಸುತ್ತ ಯಾರೂ ಚಿಬೊರೆಕ್ ಅಗಿಯುತ್ತಿರಲಿಲ್ಲ.

"ರಿಬ್ಬನ್ ತುದೀನ ಒಂದು ಗೇಣು ಸಡಿಲ ಬಿಟ್ಟಿದ್ದೆ. ಚೆಂದ ಕಾಣ್ಲಿ ಅಂತ. ಹಿಂದಿನ ರೆಕ್ಕೆ ಎಳ್ಕೊಂಡುಬಿಡ್ತು. ರೆಕ್ಕೆ ಹತ್ರ ಸಡಿಲವಾದದ್ದು ಏನೂ ಇರಬಾರದು ಅಂತ ಮೊದಲ ದಿನ ಅವಳಿಗೆ ಕಲಿಸಿದವನೇ ನಾನು. ಇದು ಒಂದನೇ ತಪ್ಪು."

ಅವನು ಫಿದಾನ್ ಕಡೆ ತಿರುಗಿದ.

"ಎರಡನೇದು ದೊಡ್ಡದು. ಬಿದ್ದ ಮೇಲೆ ಮೋಟಾರು ಆರಿಸಿ ಸುಮ್ಮನೆ ನಿಜ ಹೇಳಬೇಕಿತ್ತು. ಗುಟ್ಟು ಹೋಗುತ್ತೆ ಅಂತ ಗಾಬರಿಯಾಗಿ ಮೇಲೆತ್ತೋಕೆ ಹೋದೆ. ಗಾಳಿ ಅಂದೆ. ಸುಳ್ಳು ಕಂಡರೆ ಎಷ್ಟು ನೋವಾಗುತ್ತೆ ಅಂತ ಗೊತ್ತಿದ್ದೂ, ಅವಳಿಗೇ ಅಂದೆ. ಕಲಿತದ್ದು... ಫಿದಾನ್, ಇನ್ಮೇಲೆ ನಿನ್ನ ಹತ್ರ ಗುಟ್ಟೂ ಬೇಡ, ಗಾಳೀನೂ ಬೇಡ. ತಪ್ಪು ನಂದೇ."

ಜೇಬಿನಿಂದ ಸಣ್ಣ ಉಂಗುರವೊಂದನ್ನು ತೆಗೆದ. ಅದರ ಸಂದಿಯಲ್ಲಿ ಇನ್ನೂ ಮಣ್ಣಿತ್ತು.

"ದಿನಾ ಸಂಜೆ ಹುಡುಕ್ದೆ. ನಿಂದು ಸಿಕ್ತು. ನಂದು ಇನ್ನೂ ಕೂಳೆಯೊಳಗೇ ಇದೆ. ಬೇಡ ಅಂದ್ರೂ ಸರಿ... ನಿಜ ಗೊತ್ತಿರಲಿ ಅಂತ ಅಷ್ಟೆ."

ಫಿದಾನ್ ಎದ್ದು ಬಂದಳು. ಅವನ ಮುಂದೆ ನಿಂತಳು. ಕಣ್ಣೀರು ಇಳಿಯುತ್ತಿತ್ತು, ತುಟಿ ಮಾತ್ರ ನಗು ತಡೆಯಲಾಗದೆ ಒದ್ದಾಡುತ್ತಿತ್ತು. ಪರ್ಸಿನಿಂದ ಆ ರಿಬ್ಬನ್ನಿನ ಚೂರು ತೆಗೆದು ಅವನ ಅಂಗೈಯಲ್ಲಿಟ್ಟಳು.

"ಬೇರೆ ಯಾರಿಗೋ ಕಟ್ಟಿದ್ದು ಅಂದ್ಕೊಂಡು ನಾಲ್ಕು ದಿನ ಅತ್ತೆ ಕಣೋ, ಪೆದ್ದ!"

"ಬೇರೆ ಯಾರು? ಬೇರೆಯವರ ಡ್ರೋನಿಗೆ ಮೆಣಸಿನಕಾಯಿ ಅಂತ ಹೆಸರಿರುತ್ತಾ?"

"ಉಂಗುರ ಹಾಕಮ್ಮಾ, ಚಹಾ ಆರಿಹೋಯ್ತು!" ಎಂದು ಹಿಕ್ಮೆತ್ ಅಣ್ಣ ಕೂಗಿದ. ರಿಬ್ಬನ್ ಕತ್ತರಿಸಲು ಆಗಲೇ ತಂತಿ ಕತ್ತರಿಸುವ ಇಕ್ಕಳ ಹುಡುಕಿ ಇಟ್ಟುಕೊಂಡಿದ್ದ.

ಫಿದಾನ್ ಅಡ್ಡಡ್ಡ ತಲೆಯಾಡಿಸಿದಳು.

"ಊಹೂಂ. ಒಂದೇ ಉಂಗುರಕ್ಕೆ ಯಾರಾದ್ರೂ ರಿಬ್ಬನ್ ಕಟ್ತಾರಾ ಅಣ್ಣ?"

ದೋರುಕ್‌ನ ಮುಖ ಬಾಡಿತು. ಅವಳು ಚಪ್ಪಲಿ ಕಳಚಿ ಬದಿಗಿಟ್ಟು, ಲಂಗ ಎತ್ತಿ ಕಟ್ಟಿಕೊಂಡು, ಕೊಯ್ದ ಗೋಧಿಯ ಹೊಲದೊಳಗೆ ಮೊಣಕಾಲೂರಿ ಕೂತಳು.

"ಏನ್ ನೋಡ್ತಾ ನಿಂತಿದ್ದೀಯ? ಬಾ, ನಿಂದು ಹುಡುಕೋಣ. ಸಿಗೋವರೆಗೂ ನಾನು ಏಳಲ್ಲ."

ಅವನು ಬಂದು ಅವಳ ಪಕ್ಕದಲ್ಲೇ ಮೊಣಕಾಲೂರಿದ. ಕೂಳೆ ಸರಿಸುತ್ತಾ ಇಬ್ಬರ ಬೆರಳುಗಳು ತಗಲಿದವು. ಯಾರೂ ಕೈ ಹಿಂತೆಗೆಯಲಿಲ್ಲ.

"ಕೈ ಯಾಕೋ ಇಷ್ಟು ನಡುಗ್ತಿದೆ?" ಎಂದಳು ಅವಳು ಮೆಲ್ಲಗೆ. "ಗಾಳೀನಾ?"

"ಇಲ್ಲ ಫಿದಾನ್," ಎಂದ ದೋರುಕ್. "ಒಂದೆಲೇನೂ ಅಲುಗಾಡ್ತಿಲ್ಲ."